ಬೀದಿಗೊಂದು ತೋಟ: ಎರಡನೇ ಬೇಸಿಗೆ ದಾಟಿಸುವ ಹನ್ನೊಂದು ಸೂತ್ರಗಳು

ನಮ್ಮ ಊರುಗಳ ಯಾವ ಬಡಾವಣೆಗೆ ಹೋದರೂ ಒಂದು ಖಾಲಿ ಸೈಟು ಕಣ್ಣಿಗೆ ಬೀಳುತ್ತದೆ. ಒಡೆದ ಇಟ್ಟಿಗೆ, ಆಳೆತ್ತರದ ಪಾರ್ಥೇನಿಯಂ, ರಾತ್ರಿ ಯಾರೋ ಎಸೆದು ಹೋದ ಕಸದ ಕವರು. ಅದನ್ನು ಬೀದಿಯವರೆಲ್ಲ ಸೇರಿ ತೋಟ ಮಾಡಿಕೊಳ್ಳೋಣ ಎಂಬ ಆಸೆ ಈಗ ಹಲವರಿಗೆ ಬಂದಿದೆ. ಆಗದ ಮಾತೇನಲ್ಲ. ಬೆಂಗಳೂರಿನಲ್ಲಿ ಕೀಟಶಾಸ್ತ್ರಜ್ಞ ಡಾ. ಬಿ.ಎನ್. ವಿಶ್ವನಾಥ್ ಅವರು ತಾರಸಿ ತೋಟದ ಪಾಠ ಹೇಳಿಕೊಟ್ಟು ಎಷ್ಟೋ ಮನೆಗಳ ಮಾಳಿಗೆಯ ಮೇಲೆ ಸೊಪ್ಪು ಚಿಗುರುವಂತೆ ಮಾಡಿದರು. 2011ರಲ್ಲಿ ಶುರುವಾದ ‘ಊಟ ಫ್ರಮ್ ಯುವರ್ ತೋಟ’ ಮೇಳ ಅಂಥವರನ್ನೆಲ್ಲ ಒಂದೆಡೆ ಸೇರಿಸಿತು.

ಬೆಳೆಯುವುದು ಕಲಿತರೆ ಬರುತ್ತದೆ. ಹತ್ತು ಮನೆಯವರು ಸೇರಿ ಮಾಡಿದ ತೋಟ ಕೆಡುವುದು ಬೇರೆ ಕಡೆಯಿಂದ: ಜಾಗ ಯಾರದು, ನೀರು ಯಾರದು, ಗೇಟಿನ ಬೀಗದ ಕೈ ಯಾರ ಹತ್ತಿರ, ಕಿತ್ತ ಸೊಪ್ಪು ಯಾರಿಗೆ? ಮೊದಲ ಮಳೆಗಾಲದ ಹುರುಪಿನಲ್ಲಿ ಇವನ್ನು ಯಾರೂ ಕೇಳುವುದಿಲ್ಲ. ಕೇಳದೆ ಬಿಟ್ಟ ಪ್ರಶ್ನೆಗಳೇ ಎರಡನೇ ಬೇಸಿಗೆಯ ಹೊತ್ತಿಗೆ ತೋಟವನ್ನು ಒಣಗಿಸುತ್ತವೆ. ಅದಕ್ಕೇ ಇಲ್ಲಿನ ಸೂತ್ರಗಳಲ್ಲಿ ಗಿಡದ ಮಾತಿನಷ್ಟೇ ಮನುಷ್ಯರ ಮಾತೂ ಇದೆ.

1. ಬೀಜಕ್ಕಿಂತ ಮೊದಲು ಕಾಗದ

ಲಾಸ್ ಏಂಜಲೀಸಿನಲ್ಲಿ 1992ರ ದಂಗೆಯಾದ ಮೇಲೆ, ಬಡವರೇ ಹೆಚ್ಚಾಗಿದ್ದ ಒಂದು ಭಾಗದಲ್ಲಿ 14 ಎಕರೆ ಜಾಗ ತೋಟಕ್ಕೆ ಸಿಕ್ಕಿತು. ಹೆಸರು ಸೌತ್ ಸೆಂಟ್ರಲ್ ಫಾರ್ಮ್. ಮೆಕ್ಸಿಕೊ, ಮಧ್ಯ ಅಮೆರಿಕಗಳಿಂದ ಬಂದ ಸುಮಾರು 350 ಕುಟುಂಬಗಳು ಅಲ್ಲಿ ಜೋಳ, ಬೀನ್ಸು, ತಮ್ಮೂರಿನ ಸೊಪ್ಪುಗಳನ್ನು ಬೆಳೆದವು. ಮರಗಳು ಬೆಳೆದವು, ಮಕ್ಕಳೂ ಅಲ್ಲೇ ಆಡಿ ಬೆಳೆದರು. ಆದರೆ ಜಾಗದ ಹಕ್ಕು ಅವರದಾಗಿರಲಿಲ್ಲ. 2003ರಲ್ಲಿ ನಗರಾಡಳಿತ ಆ ಜಾಗವನ್ನು ಹಳೆಯ ಮಾಲೀಕರಿಗೆ ಮಾರಿತು. 2006ರ ಜೂನ್ 13ರಂದು ಪೊಲೀಸರು ಬಂದು ಎಲ್ಲರನ್ನೂ ಹೊರಹಾಕಿದರು, ಮುಂದಿನ ತಿಂಗಳು ಬುಲ್ಡೋಜರ್ ಹರಿಯಿತು. ಇಷ್ಟು ಜನ, ಇಷ್ಟು ಬೆವರು, ಇಷ್ಟು ಪ್ರೀತಿ ಇದ್ದೂ ಒಂದು ಕಾಗದ ಇಲ್ಲದ್ದಕ್ಕೆ ಎಲ್ಲ ಹೋಯಿತು.

ನ್ಯೂಯಾರ್ಕಿನ ಲಿಜ್ ಕ್ರಿಸ್ಟಿ ಮತ್ತು ಗೆಳೆಯರು 1973ರಲ್ಲಿ ಬೋವರಿ–ಹ್ಯೂಸ್ಟನ್ ರಸ್ತೆಗಳ ಮೂಲೆಯ ಕಸದ ಜಾಗವನ್ನು ತೋಟ ಮಾಡಿದ ಮೇಲೆ ಸುಮ್ಮನೆ ಕೂರಲಿಲ್ಲ. ಮರುವರ್ಷವೇ ನಗರಾಡಳಿತದಿಂದ ತಿಂಗಳಿಗೆ ಒಂದು ಡಾಲರ್ ಬಾಡಿಗೆಗೆ ಅದನ್ನು ಬರೆಸಿಕೊಂಡರು. ಆ ತೋಟ ಇಂದಿಗೂ ಇದೆ. ಬಾಡಿಗೆ ಎಷ್ಟು ಎಂಬುದಕ್ಕಿಂತ ಬಾಡಿಗೆ ಕರಾರು ಇದೆ ಎಂಬುದೇ ಮುಖ್ಯ.

ನಮ್ಮಲ್ಲಿ ಖಾಸಗಿ ಸೈಟಿನ ಮಾಲೀಕರಿಗೆ ಇರುವ ದೊಡ್ಡ ಭಯ ಒತ್ತುವರಿಯದು. ಆ ಭಯವನ್ನು ನೀವೇ ಬಾಯಿ ಬಿಟ್ಟು ಹೇಳಿ, ಬರವಣಿಗೆಯಲ್ಲಿ ಕಳೆಯಿರಿ. ಎಷ್ಟು ವರ್ಷಕ್ಕೆ, ಬಿಡಿ ಎಂದರೆ ಎಷ್ಟು ತಿಂಗಳ ಮುಂಗಡ ತಿಳಿವಳಿಕೆ, ಪಕ್ಕಾ ಕಟ್ಟಡ ಕಟ್ಟುವುದಿಲ್ಲ, ಮಾವು ತೆಂಗು ನೆಡುವುದಿಲ್ಲ, ಕಾಂಪೌಂಡ್ ಕೆಡವುವುದಿಲ್ಲ. ಒಂದೇ ಪುಟ ಸಾಕು. ಪಾಲಿಕೆಯ ಜಾಗವಾದರೆ ಕಾರ್ಪೊರೇಟರ್ ತಲೆಯಾಡಿಸಿದ್ದನ್ನು ಒಪ್ಪಿಗೆ ಎಂದುಕೊಳ್ಳಬೇಡಿ. ಅವರು ಬದಲಾಗುತ್ತಾರೆ, ಕಡತ ಉಳಿಯುತ್ತದೆ.

ಕರಾರು ವರ್ಷದ್ದೇ ಆದರೆ ಬರ್ಲಿನ್ ಮಾದರಿ ಹಿಡಿಯಿರಿ. ಅಲ್ಲಿ 2009ರಲ್ಲಿ ಮೊರಿಟ್ಜ್‌ಪ್ಲಾಟ್ಜ್ ಎಂಬಲ್ಲಿ ಶುರುವಾದ ಪ್ರಿನ್ಸೆಸಿನ್ನೆನ್‌ಗಾರ್ಟನ್ ತೋಟದವರು ನೆಲಕ್ಕೆ ಏನನ್ನೂ ಊರಲಿಲ್ಲ. ಬೇಕರಿಯ ಕ್ರೇಟು, ಅಕ್ಕಿಯ ಚೀಲ, ಹಾಲಿನ ಡಬ್ಬಿಗಳಲ್ಲೇ ಬೆಳೆದರು. ಜಾಗ ಬಿಡಬೇಕಾಗಿ ಬಂದಾಗ ತೋಟ ಎತ್ತಿಕೊಂಡು ಹೊರಡಲು ಆಗುವಂತಿತ್ತು.

2. ಐದು ಮನೆ ಸಾಕು

ವಾಟ್ಸ್‌ಆ್ಯಪ್ ಗುಂಪಿನಲ್ಲಿ ನೂರು ಜನ ಕೈ ಎತ್ತುತ್ತಾರೆ. ಭಾನುವಾರ ಬೆಳಿಗ್ಗೆ ಗುದ್ದಲಿ ಹಿಡಿದು ಬರುವವರು ಯಾರು ಎಂದು ನೋಡಿ, ಅವರಿಂದ ಶುರು ಮಾಡಿ.

3. ಮಣ್ಣನ್ನು ಪರೀಕ್ಷೆ ಮಾಡಿಸಿ, ನೀರನ್ನು ಅನುಮಾನಿಸಿ

ಖಾಲಿ ಸೈಟಿನಲ್ಲಿ ಮೇಲೆ ಕಾಣುವ ಅರ್ಧ ಅಡಿ ಮಣ್ಣಿನ ಕೆಳಗೆ ಸಾಮಾನ್ಯವಾಗಿ ಇರುವುದು ಒಡೆದ ಗಾರೆ, ಸಿಮೆಂಟು, ಬಣ್ಣದ ಚಕ್ಕೆ. ಹಳೆಯ ಬಣ್ಣದಲ್ಲಿ ಸೀಸ ಇರುತ್ತದೆ. ಗ್ಯಾರೇಜು ಇದ್ದ ಜಾಗವಾದರೆ ಎಣ್ಣೆ, ಬ್ಯಾಟರಿ. ಕೃಷಿ ವಿಶ್ವವಿದ್ಯಾಲಯ ಅಥವಾ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆಗೆ ಕೊಡುವಾಗ ಸಾರಜನಕ, ರಂಜಕ, ಪೊಟ್ಯಾಷ್ ಮಾತ್ರ ನೋಡಿದರೆ ಸಾಲದು. ಸೀಸ, ಕ್ಯಾಡ್ಮಿಯಂನಂಥ ಭಾರಲೋಹಗಳ ಪರೀಕ್ಷೆ ಎಲ್ಲಿ ಆಗುತ್ತದೆ ಎಂದು ಬಾಯಿಬಿಟ್ಟು ಕೇಳಿ. ಸೊಪ್ಪು ಮಣ್ಣಿನಲ್ಲಿರುವ ಲೋಹವನ್ನು ಎಲೆಗೆ ಎಳೆದುಕೊಳ್ಳುತ್ತದೆ, ಆ ಎಲೆ ಮಗುವಿನ ತಟ್ಟೆಗೆ ಹೋಗುತ್ತದೆ.

ಅನುಮಾನ ಉಳಿದರೆ ನೆಲವನ್ನು ಬಿಟ್ಟುಬಿಡಿ. ಹಾಲೋ ಬ್ಲಾಕ್ ಜೋಡಿಸಿ ಒಂದೂವರೆ ಅಡಿ ಎತ್ತರದ ಮಡಿ ಕಟ್ಟಿ, ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ, ಕೋಕೋಪೀಟ್ ಬೆರೆಸಿ ತುಂಬಿ. ಮಡಿಯ ಅಗಲ ನಾಲ್ಕು ಅಡಿ ಮೀರದಿರಲಿ, ಎರಡು ಕಡೆಯಿಂದಲೂ ಕೈ ನಡುವಿಗೆ ಎಟುಕಬೇಕು. ಒಂದೆರಡು ಮಡಿಗಳನ್ನು ಸೊಂಟದೆತ್ತರಕ್ಕೆ ಕಟ್ಟಿದರೆ ಮಂಡಿ ನೋವಿನ ಅಜ್ಜ ಅಜ್ಜಿಯರೂ ನಿಂತುಕೊಂಡೇ ಕಳೆ ಕೀಳಬಹುದು.

ಕೊಳಚೆ ಹರಿಯುವ ವೃಷಭಾವತಿಯಂಥ ಹೊಳೆಯ, ಊರಿನ ರಾಜಕಾಲುವೆಯ ನೀರನ್ನು ಯಾವ ಕಾರಣಕ್ಕೂ ಮುಟ್ಟಬೇಡಿ. ಪುಕ್ಕಟೆ ಸಿಗುತ್ತದೆ ಎಂಬುದು ಸಮಾಧಾನವಲ್ಲ.

4. ತಟ್ಟೆಯ ಲೆಕ್ಕ ಹಾಕಿ, ಸೊಪ್ಪು ಬೆಳೆಯಿರಿ

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ ಹೇಳುವ ಪ್ರಕಾರ ಒಬ್ಬರಿಗೆ ದಿನಕ್ಕೆ ಸೊಪ್ಪೂ ಸೇರಿ ಸುಮಾರು 400 ಗ್ರಾಂ ತರಕಾರಿ ಬೇಕು. ನಾಲ್ಕು ಜನರ ಮನೆಗೆ ತಿಂಗಳಿಗೆ 48 ಕಿಲೋ. ಇಪ್ಪತ್ತು ಮನೆಗೆ 960 ಕಿಲೋ. 30×40 ಸೈಟೆಂದರೆ 1,200 ಚದರಡಿ. ಓಡಾಡುವ ದಾರಿ, ಗೊಬ್ಬರದ ಡ್ರಮ್ಮು, ನೀರಿನ ತೊಟ್ಟಿಗೆ ಅರ್ಧ ಹೋದರೆ ಮಡಿಗೆ ಉಳಿಯುವುದು 55 ಚದರ ಮೀಟರ್. ಅದರಲ್ಲಿ 960 ಕಿಲೋ ಬರುವುದಿಲ್ಲ. ಬರುತ್ತದೆಂದು ಜನರನ್ನು ನಂಬಿಸಿದರೆ ಮೂರನೇ ತಿಂಗಳಿಗೆ ಅವರು ಬರುವುದನ್ನು ಬಿಡುತ್ತಾರೆ.

ಚದರ ಮೀಟರಿಗೆ ಒಂದು ಕೊಯ್ಲಿನಲ್ಲಿ ಒಂದು ಕಿಲೋ ಎಂದು ಕೈ ಹಿಡಿದು ಲೆಕ್ಕ ಹಾಕಿದರೂ ತಿಂಗಳಿಗೆ ಐವತ್ತು ಕಿಲೋ ಸೊಪ್ಪು ಸಿಗುತ್ತದೆ. ಇಪ್ಪತ್ತು ಮನೆಗೆ ಹಂಚಿದರೆ ಪ್ರತಿ ಮನೆಗೂ ವಾರಕ್ಕೆ ಎರಡು ಕಟ್ಟು. ಬೆಳಿಗ್ಗೆ ಕಿತ್ತು ಮಧ್ಯಾಹ್ನದ ಸಾರಿಗೆ ಬೀಳುವ ಎರಡು ಕಟ್ಟು ಸೊಪ್ಪು ಒಂದು ಮನೆಯ ವಾರದ ಊಟವನ್ನೇ ಬದಲಿಸುತ್ತದೆ. ಆಲೂಗಡ್ಡೆ, ಈರುಳ್ಳಿ, ಕೋಸು ಮಾರುಕಟ್ಟೆಯಿಂದಲೇ ಬರಲಿ.

ಮೆಂತ್ಯ ಮೂರು ನಾಲ್ಕು ವಾರಕ್ಕೆ, ದಂಟು ನಾಲ್ಕು ವಾರಕ್ಕೆ, ಪಾಲಕ್ ಐದು ವಾರಕ್ಕೆ ಕೈಗೆ ಬರುತ್ತದೆ. ಒಂದೇ ದಿನ ಎಲ್ಲ ಮಡಿಗೂ ಬಿತ್ತಬೇಡಿ. ವಾರಕ್ಕೊಂದು ಮಡಿಯಂತೆ ಬಿತ್ತಿದರೆ ವಾರಕ್ಕೊಂದು ಕೊಯ್ಲು ಬರುತ್ತದೆ, ಜನರೂ ವಾರ ವಾರ ಬರುತ್ತಾರೆ. ಬೇಲಿಯ ಮೇಲೆ ಹೀರೆ, ಪಡವಲ, ಅವರೆ ಹಬ್ಬಲಿ. ಮೂಲೆಗೆ ನುಗ್ಗೆ, ಕರಿಬೇವು, ಒಂದು ಪಪ್ಪಾಯಿ, ಜಾಗದವರು ಒಪ್ಪಿದರೆ. ಬೆಂಡೆ ಬೆಳೆಯುವುದಾದರೆ ಹಳದಿ ನಂಜು ರೋಗ ತಡೆಯುವ ಅರ್ಕಾ ಅನಾಮಿಕ, ಟೊಮ್ಯಾಟೊಗೆ ಅರ್ಕಾ ರಕ್ಷಕ್. ಎರಡೂ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಕೊಡುಗೆ. ಆದರೆ ರಕ್ಷಕ್ ಹೈಬ್ರಿಡ್, ಅದರ ಬೀಜ ಎತ್ತಿಡಲು ಹೋಗಬೇಡಿ.

5. ಕಾವೇರಿ ನೀರನ್ನು ನೆಚ್ಚಬೇಡಿ

2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಎಂದು ಆದೇಶ ಮಾಡಿತು. ಸುಮಾರು ನೂರು ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ತರುವ ನೀರು ಅದು. ದಂಡವಿರಲಿ ಇಲ್ಲದಿರಲಿ, ಅದನ್ನು ಪಾತಿಗೆ ಸುರಿಯುವುದು ಸರಿಯಲ್ಲ.

ಬದಲಿಗೆ ಪಕ್ಕದ ಮನೆಯ ಮಾಳಿಗೆ ನೋಡಿ. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಅಂದರೆ ಸಾವಿರ ಚದರಡಿ ಮಾಳಿಗೆಯ ಮೇಲೆ ವರ್ಷಕ್ಕೆ 90,000 ಲೀಟರ್. ಐದನೇ ಒಂದು ಭಾಗ ಪೋಲಾಯಿತೆಂದರೂ 70,000 ಲೀಟರಿಗೆ ಮೋಸವಿಲ್ಲ. ಆ ಮನೆಯವರನ್ನು ತೋಟದ ಸದಸ್ಯರನ್ನಾಗಿ ಮಾಡಿಕೊಂಡು ಒಂದು ಪೈಪು ಎಳೆಯಿರಿ. 55 ಚದರ ಮೀಟರ್ ಮಡಿಗೆ ಬೇಸಿಗೆಯಲ್ಲಿ ದಿನಕ್ಕೆ ಸುಮಾರು 250 ಲೀಟರ್ ಬೇಕು. ತುಂಬಿದ 5,000 ಲೀಟರಿನ ತೊಟ್ಟಿ ಇಪ್ಪತ್ತು ದಿನ ಬರುತ್ತದೆ. ಮಡಿಯ ಮೇಲೆ ತರಗೆಲೆ, ಹುಲ್ಲು ದಪ್ಪಗೆ ಹೊದಿಸಿದರೆ ಇನ್ನೂ ಕೆಲವು ದಿನ ಎಳೆಯಬಹುದು.

ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಒಳ್ಳೆಯದು. ಸೋಪಿನ ನೀರನ್ನು ಸೊಪ್ಪಿಗೆ ಹಾಕಬೇಡಿ.

6. ಬೀದಿಯ ಕಸವೇ ತೋಟದ ಬಂಡವಾಳ

ಮುಂಬೈ ಬಂದರಿನ ಕ್ಯಾಂಟೀನ್ ನೋಡಿಕೊಳ್ಳುತ್ತಿದ್ದ ಪ್ರೀತಿ ಪಾಟೀಲ್ ಅವರು ಅಡುಗೆಮನೆಯ ಕಸವನ್ನೇನು ಮಾಡುವುದು ಎಂಬ ಪ್ರಶ್ನೆಯಿಂದ ಹೊರಟು, ಆ ಕಸದಲ್ಲೇ ಕ್ಯಾಂಟೀನಿನ ತಾರಸಿಯ ಮೇಲೆ ಹಣ್ಣು ತರಕಾರಿಯ ತೋಟ ಎಬ್ಬಿಸಿದರು. ಬೀದಿಯ ತೋಟಕ್ಕೂ ಇದೇ ದಾರಿ. ಸೊಪ್ಪು ಬೇಡದ ಮನೆಯೂ ಕಸ ಕೊಡುತ್ತದೆ. ಕಸದ ಬಕೆಟ್ ಹಿಡಿದು ಬಂದವರು ಮಡಿಯ ಹತ್ತಿರ ನಿಲ್ಲುತ್ತಾರೆ, ನಿಂತವರು ಮಾತಾಡುತ್ತಾರೆ.

ಮಾಡುವ ಬಗೆ ಹೀಗೆ. 200 ಲೀಟರಿನ ಹಳೆಯ ಡ್ರಮ್ಮಿಗೆ ಸುತ್ತ ಮತ್ತು ತಳಕ್ಕೆ ಬೆರಳು ತೂರುವಷ್ಟು ತೂತು ಕೊರೆಯಿರಿ. ತಳಕ್ಕೆ ಒಂದು ಗೇಣು ಒಣ ಎಲೆ. ಅದರ ಮೇಲೆ ಒಂದು ಬಕೆಟ್ ಹಸಿ ಕಸಕ್ಕೆ ಎರಡು ಬಕೆಟ್ ತರಗೆಲೆ, ಒಂದೆರಡು ಹಿಡಿ ಹಳೆಯ ಗೊಬ್ಬರ, ಒಂದು ಲೋಟ ಹುಳಿ ಮಜ್ಜಿಗೆ. ಬೀದಿ ಗುಡಿಸುವವರು ರಾಶಿ ಹಾಕುವ ಹೊಂಗೆಯ ಎಲೆಗೆ ಬೆಂಕಿ ಬೀಳುವ ಮೊದಲು ಚೀಲ ಒಯ್ದು ತುಂಬಿಕೊಳ್ಳಿ. ನಾಲ್ಕು ದಿನಕ್ಕೊಮ್ಮೆ ಕೋಲಿನಿಂದ ತಿರುವಿ. ಒಳಗೆ ಕೈ ಇಟ್ಟರೆ ಬಿಸಿ ತಾಗಬೇಕು. ಒಂದು ಹಿಡಿ ತೆಗೆದು ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆ ಸುರಿಯಬಾರದು. ವಾಸನೆ ಹೊಡೆದರೆ ನೀರು ಹೆಚ್ಚಾಗಿದೆ, ಇನ್ನೊಂದು ಬಕೆಟ್ ಎಲೆ ಹಾಕಿ. ಬಿಸಿಯೇ ಇಲ್ಲದಿದ್ದರೆ ಒಣಗಿದೆ, ನೀರು ಚಿಮುಕಿಸಿ. ಎರಡು ತಿಂಗಳಿಗೆ ಕಪ್ಪಗೆ, ಪುಡಿಪುಡಿಯಾಗಿ ಕೈಗೆ ಬರುತ್ತದೆ. ಮೊಟ್ಟೆಯ ಸಿಪ್ಪೆ ಬಿಟ್ಟರೆ ಮಾಂಸ ಮೀನಿನ ತ್ಯಾಜ್ಯ ಬೇಡ, ಇಲಿ ಬರುತ್ತದೆ.

ಸಗಣಿ, ಗಂಜಲ, ಬೆಲ್ಲ ಕಲಸಿ ಜೀವಾಮೃತ ಮಾಡುವವರು ಒಂದು ಲೆಕ್ಕ ನೆನಪಿಟ್ಟುಕೊಳ್ಳಿ: 200 ಲೀಟರ್ ಒಂದು ಎಕರೆಗೆ. 30×40 ಸೈಟಿಗೆ ಐದಾರು ಲೀಟರ್ ಸಾಕು.

7. ಪ್ರತಿ ಮನೆಯ ತವರಿನ ಸೊಪ್ಪಿಗೂ ಒಂದು ಮಡಿ

ಇದೊಂದು ಸೂತ್ರಕ್ಕೆ ನಾನು ಉಳಿದೆಲ್ಲಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ. ನಮ್ಮ ಬಡಾವಣೆಗಳಲ್ಲಿ ಇರುವವರೆಲ್ಲ ಎಲ್ಲಿಂದಲೋ ಬಂದವರು. ಮೂಲೆ ಮನೆಯವರು ಉಡುಪಿ ಕಡೆಯವರು, ಎದುರು ಮನೆಯವರು ಮಂಡ್ಯದವರು, ಅಪಾರ್ಟ್‌ಮೆಂಟಿನ ವಾಚ್‌ಮನ್ ಸಂಸಾರ ಯಾದಗಿರಿಯದು, ಮೂರನೇ ಮಹಡಿಯ ಹುಡುಗರು ಕೋಲ್ಕತ್ತಾದವರು. ಇವರು ವರ್ಷಗಟ್ಟಲೆ ಒಂದೇ ಬೀದಿಯಲ್ಲಿದ್ದೂ ಮಾತಿಗೆ ವಿಷಯವಿರುವುದಿಲ್ಲ.

ಅವರವರ ಊರಿನ ಸೊಪ್ಪು ಯಾವುದು ಎಂದು ಕೇಳಿ, ಬೀಜ ಅವರಿಂದಲೇ ತರಿಸಿ. ಯಾದಗಿರಿಯವರಿಗೆ ಪುಂಡಿ ಬೇಕು. ಜೋಳದ ನುಚ್ಚು, ಕಡಲೆಬೇಳೆ ಹಾಕಿ ಮಾಡಿದ ಪುಂಡಿಪಲ್ಯ ರೊಟ್ಟಿಯ ಜೊತೆಗಿಲ್ಲದೆ ಅವರಿಗೆ ಊಟ ಪೂರ್ತಿಯಾಗುವುದಿಲ್ಲ. ಮಂಡ್ಯದವರಿಗೆ ಬಸ್ಸಾರಿಗೆ ದಂಟು, ಮಸ್ಸೊಪ್ಪಿಗೆ ಬೆರಕೆ ಸೊಪ್ಪು. ಮಲೆನಾಡಿನವರಿಗೆ ಪತ್ರೊಡೆಗೆ ಕೆಸು, ಅದಕ್ಕೆ ನೀರು ಬಸಿಯುವ ಮೂಲೆಯಲ್ಲೊಂದು ಜಾಗ. ಉಡುಪಿಯವರಿಗೆ ಬಸಳೆಯ ಚಪ್ಪರ. ಆ ಚಪ್ಪರದ ಕೆಳಗೆ ಕೋಲ್ಕತ್ತಾದ ಹುಡುಗರು ಬಂದು ನಿಂತು ‘ಇದು ನಮ್ಮ ಪುಯಿ ಶಾಕ್’ ಎನ್ನುತ್ತಾರೆ, ಬಳ್ಳಿ ಒಂದೇ. ಒಬ್ಬರು ಹಲಸಿನ ಬೀಜ ಹಾಕುತ್ತಾರೆ, ಇನ್ನೊಬ್ಬರು ಮೀನಿನ ತಲೆ ಹಾಕುತ್ತಾರೆ. ಅಲ್ಲಿಂದ ಮಾತು ಶುರುವಾದರೆ ಸಂಜೆಗೆ ಡಬ್ಬಿಗಳು ಗೇಟು ದಾಟುತ್ತವೆ.

ವಾಚ್‌ಮನ್ ಮನೆಯವರನ್ನು ಕೆಲಸಕ್ಕೆ ಕರೆಯುವ ಮೊದಲು ಮಡಿ ಕೊಡಿ. ಬಿತ್ತನೆ, ಕಳೆ, ಹುಳದ ವಿಷಯದಲ್ಲಿ ಬೀದಿಯಲ್ಲಿ ಎಲ್ಲರಿಗಿಂತ ಹೆಚ್ಚು ಬಲ್ಲವರು ಬಹುಪಾಲು ಅವರೇ. ಊರಿನಲ್ಲಿ ಹೊಲ ಬಿಟ್ಟು ಬಂದವರು. ಅವರು ಹೇಳಿಕೊಡಲಿ, ಉಳಿದವರು ಕಲಿಯಲಿ. ನೀರು ಹಾಕಿಸಲು ಅವರನ್ನು ಬಳಸಿಕೊಂಡು ಸೊಪ್ಪಿಗೆ ಮಾತ್ರ ನಾವು ಎಂದರೆ ಅದು ಸಮುದಾಯದ ತೋಟವಲ್ಲ.

8. ಹಂಚಿಕೆಯ ನಿಯಮವನ್ನು ಗೋಡೆಯ ಮೇಲೆ ಬರೆಯಿರಿ

ಇಂಗ್ಲೆಂಡಿನ ಟಾಡ್ಮರ್ಡನ್ ಎಂಬ ಸಣ್ಣ ಪೇಟೆಯಲ್ಲಿ 2008ರಲ್ಲಿ ಪ್ಯಾಮ್ ವಾರ್‌ಹರ್ಸ್ಟ್, ಮೇರಿ ಕ್ಲಿಯರ್ ಮತ್ತು ನೆರೆಯವರು ಪೊಲೀಸ್ ಠಾಣೆಯ ಮುಂದೆ ಮುಸುಕಿನ ಜೋಳ, ಆರೋಗ್ಯ ಕೇಂದ್ರದ ಸುತ್ತ ಔಷಧಿ ಗಿಡ ಹಾಕಿ, ಯಾರು ಬೇಕಾದರೂ ಕಿತ್ತುಕೊಂಡು ಹೋಗಿ ಎಂದರು. ಹವಾನಾದ ಅಲಾಮಾರ್‌ನಲ್ಲಿ ಇದರ ಇನ್ನೊಂದು ತುದಿ: ಸೋವಿಯತ್ ಒಕ್ಕೂಟ ಮುರಿದು ಕ್ಯೂಬಾಕ್ಕೆ ತೈಲ, ಗೊಬ್ಬರ ಬರುವುದು ನಿಂತುಹೋದ ಕಷ್ಟದ ವರ್ಷಗಳಲ್ಲಿ, 1997ರಲ್ಲಿ ವಸತಿ ಕಟ್ಟಡಗಳ ನಡುವೆ ಶುರುವಾದ ಸಹಕಾರಿ ತೋಟ ಅದು. ದುಡಿಯುವವರಿಗೆ ಆದಾಯದಲ್ಲಿ ಪಾಲು, ಬೆಳೆದದ್ದು ಗೇಟಿನ ಬಳಿಯೇ ಸುತ್ತಲಿನ ಜನರಿಗೆ ಮಾರಾಟ.

ಎರಡೂ ನಡೆಯುತ್ತವೆ. ನಡೆಯದಿರುವುದು ನಿಯಮವೇ ಇಲ್ಲದ ತೋಟ. ನನ್ನ ಸಲಹೆ: ಕೊಯ್ಲಿನ ಅರ್ಧ ಆ ವಾರ ಕೆಲಸ ಮಾಡಿದವರಿಗೆ, ಕಾಲು ಭಾಗ ಉಳಿದ ಸದಸ್ಯರ ಮನೆಗಳಿಗೆ, ಇನ್ನು ಕಾಲು ಭಾಗ ಬೀದಿಯ ಅಂಗನವಾಡಿಗೆ, ಪೌರಕಾರ್ಮಿಕರಿಗೆ, ಒಂಟಿಯಾಗಿರುವ ಹಿರಿಯರಿಗೆ. ಆ ಕೊನೆಯ ಪಾಲನ್ನು ಮೊದಲು ಎತ್ತಿಡಿ, ಮಿಕ್ಕಿದ್ದರೆ ಕೊಡುವ ಪಾಲು ಅದಲ್ಲ. ಕೊಯ್ಲು ನಿಗದಿಯಾದ ದಿನ, ನಿಗದಿಯಾದ ಹೊತ್ತಿಗೆ, ಎಲ್ಲರೆದುರು ಆಗಲಿ. ಬೇಲಿಯ ಹೊರಮೈಗೆ ಕರಿಬೇವು, ದೊಡ್ಡಪತ್ರೆ, ನಿಂಬೆಹುಲ್ಲು ಹಾಕಿ ದಾರಿಹೋಕರಿಗೆ ಬಿಟ್ಟುಬಿಡಿ. ಕದಿಯುವ ಮಾತೇ ಬರುವುದಿಲ್ಲ.

9. ದೂರು ಬರುವ ಮೊದಲು ಬಾಗಿಲು ತಟ್ಟಿ

ಪಕ್ಕದ ಮನೆಯವರಿಗೆ ಮೂರು ಭಯ: ಸೊಳ್ಳೆ, ವಾಸನೆ, ಹಾವು. ಮೂರೂ ನ್ಯಾಯವಾದ ಭಯ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿಯುವುದಕ್ಕೆ ಎಂಟು ಹತ್ತು ದಿನ ಸಾಕು. ಆದ್ದರಿಂದ ಡ್ರಮ್ಮು, ಬಕೆಟ್, ಕುಂಡದ ತಟ್ಟೆಗಳನ್ನು ವಾರಕ್ಕೊಂದು ದಿನ ಬೋರಲು ಹಾಕಿ ಒಣಗಿಸಿ. ತೊಟ್ಟಿಯ ಬಾಯಿಗೆ ಬಲೆ ಕಟ್ಟಿ. ಇಟ್ಟಿಗೆ, ಕೊಂಬೆಗಳ ರಾಶಿ ಮೂಲೆಯಲ್ಲಿ ಬಿಡಬೇಡಿ, ಇಲಿ ಬಂದಲ್ಲಿಗೆ ಹಾವು ಬರುತ್ತದೆ. ಹೇನು ಬಿದ್ದ ಅವರೆಗೆ ಒಂದು ಲೀಟರ್ ನೀರಿಗೆ ಐದು ಮಿಲಿಲೀಟರ್ ಬೇವಿನೆಣ್ಣೆ, ಸ್ವಲ್ಪ ಸೋಪು ಸೇರಿಸಿ ಸಂಜೆ ಹೊತ್ತು ಸಿಂಪಡಿಸಿ. ಅಂಗಡಿಯ ವಿಷ ಒಳಗೆ ಬರಕೂಡದು.

10. ಇಡೀ ತೋಟವನ್ನು ಒಬ್ಬರ ಹೆಗಲಿಗೆ ಹಾಕಬೇಡಿ

ಅಮೆರಿಕದ ಮಿಲ್ವಾಕಿ ನಗರದ ವಿಲ್ ಆ್ಯಲನ್ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಆಡಿದವರು, ರೈತಾಪಿ ಮನೆಯ ಮಗ. 1993ರಲ್ಲಿ ಬಡವರ ವಸತಿ ಸಮುಚ್ಚಯವೊಂದರ ಹತ್ತಿರ ಮೂರು ಎಕರೆಯ ಹಳೆಯ ಗ್ರೀನ್‌ಹೌಸ್ ಜಾಗ ಕೊಂಡರು. ಅಲ್ಲಿಂದ ಬೆಳೆದದ್ದು ಗ್ರೋಯಿಂಗ್ ಪವರ್. ಮೀನಿನ ತೊಟ್ಟಿಯ ನೀರನ್ನು ಗಿಡಕ್ಕೆ ಹರಿಸುವುದು, ಊರಿನ ಕಸವನ್ನು ಎರೆಹುಳುವಿಗೆ ತಿನ್ನಿಸುವುದು, ಹುಡುಗರಿಗೆ ಕೆಲಸ ಕಲಿಸುವುದು. ಜಗತ್ತಿನ ಎಲ್ಲೆಡೆಯಿಂದ ಜನ ನೋಡಲು ಬಂದರು. 2008ರಲ್ಲಿ ಅವರಿಗೆ ಮ್ಯಾಕ್‌ಆರ್ಥರ್ ಫೆಲೋಶಿಪ್ ಬಂತು. 2017ರಲ್ಲಿ ಸಂಸ್ಥೆ ಸಾಲದ ಹೊರೆಯಲ್ಲಿ ಮುಚ್ಚಿತು. ಅಷ್ಟು ದೊಡ್ಡ ಮನುಷ್ಯ ಕಟ್ಟಿದ್ದಕ್ಕೇ ಹೀಗಾದರೆ, ನಮ್ಮ ಬೀದಿಯ ತೋಟ ಒಬ್ಬ ಉತ್ಸಾಹಿಯ ಮೇಲೆ ನಿಲ್ಲುವುದು ಹೇಗೆ?

ಕೆಲಸವನ್ನು ಮೂರು ಜನರಿಗೆ ಒಡೆಯಿರಿ: ನೀರಿಗೊಬ್ಬರು, ಗೊಬ್ಬರಕ್ಕೊಬ್ಬರು, ಹಣಕ್ಕೊಬ್ಬರು. ಆರು ತಿಂಗಳಿಗೊಮ್ಮೆ ಬದಲಾಗಲಿ. ಬೀಗದ ಕೈ ಮೂರು ಮನೆಯಲ್ಲಿರಲಿ. ಬೀಜ, ಪೈಪು, ಮಣ್ಣಿಗೆ ಕೊಟ್ಟ ಪ್ರತಿ ರೂಪಾಯಿಯೂ ಒಂದು ನೋಟ್‌ಬುಕ್ಕಿನಲ್ಲಿರಲಿ, ಆ ಪುಸ್ತಕ ತೋಟದಲ್ಲೇ ಇರಲಿ, ಯಾರು ಬೇಕಾದರೂ ತೆರೆದು ನೋಡಲಿ. ದೊಡ್ಡ ದೇಣಿಗೆ ಬಂದರೆ ಸಂತೋಷ. ಆದರೆ ಅದು ನಿಂತ ವರ್ಷವೂ ಸದಸ್ಯರ ಚಂದಾದಲ್ಲೇ ನಡೆಯುವಷ್ಟಕ್ಕೆ ಮಾತ್ರ ತೋಟ ಬೆಳೆಸಿ.

11. ಬೇಸಿಗೆಯ ಸಿದ್ಧತೆ ಶಿವರಾತ್ರಿಗೇ ಶುರು

ಪರೀಕ್ಷೆ ಮುಗಿದು ಮಕ್ಕಳಿಗೆ ರಜೆ ಬಂತೆಂದರೆ ಅರ್ಧ ಬೀದಿ ಊರಿಗೆ ಹೊರಡುತ್ತದೆ, ಬಿಸಿಲು ಏರುವುದೂ ಆಗಲೇ. ಶಿವರಾತ್ರಿಯ ಹೊತ್ತಿಗೆ ಮೆಂತ್ಯ, ಕೊತ್ತಂಬರಿಯ ಬಿತ್ತನೆ ಕಡಿಮೆ ಮಾಡಿ. ಬಿಸಿಲು ತಡೆಯುವ ಬಸಳೆ, ಚಕ್ರಮುನಿ, ಹೊನಗೊನೆ, ದಂಟು ಉಳಿಸಿಕೊಳ್ಳಿ. ಮೂರರಲ್ಲಿ ಒಂದು ಭಾಗ ಮಡಿಗಳಿಗೆ ವಿರಾಮ ಕೊಟ್ಟು, ಗೊಬ್ಬರ ತುಂಬಿ, ಎಲೆ ಹೊದಿಸಿ ಬಿಡಿ. ಅವು ಮೇ ಕೊನೆಯ ರೋಹಿಣಿ ಮಳೆಗೆ ಬಿತ್ತನೆಗೆ ತಯಾರಾಗಿರುತ್ತವೆ. ನೀರು ಬೆಳಿಗ್ಗೆ ಏಳರೊಳಗೆ ಅಥವಾ ಸಂಜೆ ಆರರ ಮೇಲೆ. ಮಡಿಗಳ ಮೇಲೆ ಹಸಿರು ನೆರಳು ಬಲೆ ಕಟ್ಟಿ, ಅದರ ನೆರಳಿನಲ್ಲಿ ರಜೆಯ ಮಕ್ಕಳು ಬೀಜ ಬಿಡಿಸಲಿ. ಎತ್ತಿಟ್ಟ ಅವರೆ, ಹೀರೆ, ಪುಂಡಿ ಬೀಜಗಳನ್ನು ಬೂದಿ ಹಚ್ಚಿ ಡಬ್ಬಿಗೆ ತುಂಬಿ, ಯಾವ ಮನೆಯ ಬೀಜ ಎಂದು ಚೀಟಿ ಅಂಟಿಸಲಿ. ನೀರಿನ ಪಾಳಿಯ ಪಟ್ಟಿಯನ್ನು ಯುಗಾದಿಯ ದಿನ ಗೇಟಿಗೆ ತೂಗುಹಾಕಿ. ಊರಿಗೆ ಹೊರಟವರು ತಮ್ಮ ಪಾಳಿಯನ್ನು ಯಾರಿಗೆ ವಹಿಸಿದ್ದೇವೆಂದು ಅದರ ಮೇಲೆಯೇ ಬರೆದು ಬಸ್ಸು ಹತ್ತಲಿ.